ನಕಲು ಬಿಯರಿನ ಪರವಾಗಿ ಒಂದು ವಕಾಲತ್ತು

'ಕ್ಲೋನ್' ಎಂಬ ಪದ ಕಿವಿಗೆ ಬಿದ್ದ ಕೂಡಲೇ ಮೂಗು ಮುರಿಯುವವರ ಒಂದು ವರ್ಗವಿದೆ. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳ ನಡುವೆ ಈ ವರ್ಗ ಸಾಕಷ್ಟು ದೊಡ್ಡದು. ಅಂಗಡಿಯಲ್ಲಿ ಸಿಗುವ ಬಿಯರನ್ನೇ ಮನೆಯಲ್ಲಿ ಮಾಡಿ ಏನು ಸಾಧಿಸಿದಂತಾಯಿತು, ಸ್ವಂತದ್ದೇನಾದರೂ ಮಾಡಬಾರದೇ ಎಂಬುದು ಅವರ ಪ್ರಶ್ನೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ಪ್ರಶ್ನೆಯೊಳಗೆ ಸೋಮಾರಿತನವೂ ಸ್ವಲ್ಪ ಅಹಂಕಾರವೂ ಅಡಗಿ ಕೂತಿವೆ ಎಂಬುದು ನನ್ನ ತಕರಾರು. ಬಿಯರ್ ಇಲ್ಲಿ ನೆಪ ಮಾತ್ರ ಎಂದು ಯಾರಿಗಾದರೂ ಅನಿಸಿದರೆ ನಾನು ಬೇಡವೆನ್ನುವುದಿಲ್ಲ.

ಒಂದು ಉದಾಹರಣೆ ಹಿಡಿದುಕೊಂಡೇ ಮಾತಾಡೋಣ. ಷಿಕಾಗೋ ನಗರದ ಮಗ್ಗುಲಲ್ಲಿ, ಇಂಡಿಯಾನಾ ರಾಜ್ಯದ ಮನ್‌ಸ್ಟರ್ ಎಂಬ ಊರಲ್ಲಿ 'ತ್ರೀ ಫ್ಲಾಯ್ಡ್ಸ್' ಎಂಬ ಬಿಯರ್ ಕಂಪನಿಯಿದೆ. ಫ್ಲಾಯ್ಡ್ ಕುಟುಂಬದ ಅಪ್ಪ ಮಕ್ಕಳು 1996ರಲ್ಲಿ ಕಟ್ಟಿದ್ದು. ಅವರ 'ಗಂಬಾಲ್‌ಹೆಡ್' ಗೋಧಿಯ ಬಿಯರ್. ಮದ್ಯಸಾರ ಶೇ. 5.6. ಅದರ ಹೆಸರು ಬಂದದ್ದು ಕಾಮಿಕ್ಸಿನ ಒಂದು ಬೆಕ್ಕಿನಿಂದ. ಗೋಧಿ ಬಿಯರೆಂದರೆ ಸಪ್ಪೆ, ಬೇಸಿಗೆಯಲ್ಲಿ ನಿಂಬೆಹೋಳು ಸಿಕ್ಕಿಸಿಕೊಂಡು ಕುಡಿಯುವಂಥದ್ದು ಎಂಬ ನಂಬಿಕೆಯಿದ್ದ ಕಾಲದಲ್ಲಿ ಇವರು ಅದಕ್ಕೆ 'ಅಮರಿಲ್ಲೋ' ಎಂಬ ತಳಿಯ ಹಾಪ್ಸನ್ನು ಧಾರಾಳವಾಗಿ ಸುರಿದರು. ಕಿತ್ತಳೆ ಸಿಪ್ಪೆ, ಚಕ್ಕೋತ, ಜರ್ದಾಳು ಹಣ್ಣಿನ ಘಮ ಬಂತು. ಬಹಳ ವರ್ಷ ಈ ಬಿಯರು ಆಸುಪಾಸಿನ ಕೆಲವೇ ರಾಜ್ಯಗಳಲ್ಲಿ ಸಿಗುತ್ತಿತ್ತು. ದೂರದ ಊರಿನವರಿಗೆ ಅದರ ರುಚಿ ಬೇಕೆಂದರೆ ಮನೆಯಲ್ಲೇ ಮಾಡಿಕೊಳ್ಳಬೇಕಿತ್ತು. ಹಾಗೆ ಹುಟ್ಟಿದ್ದು ಗಂಬಾಲ್‌ಹೆಡ್ ನಕಲು ಮಾಡುವ ಹುಚ್ಚು.

ಈಗ ನಕಲು ಮಾಡುವವನ ಕೆಲಸವೇನು ನೋಡಿ. ಅವನ ಕೈಯಲ್ಲಿರುವುದು ಒಂದು ಬಾಟಲಿ, ಅದರ ಮೇಲಿನ ನಾಲ್ಕು ಅಂಕಿ, ತನ್ನದೇ ನಾಲಿಗೆ. ಇಷ್ಟರಿಂದ ಅವನು ಹಿಂದಕ್ಕೆ ನಡೆಯಬೇಕು. ಬವೇರಿಯಾದ ಗೋಧಿ ಬಿಯರುಗಳಲ್ಲಿ ಬಾಳೆಹಣ್ಣು, ಲವಂಗದ ವಾಸನೆಯಿರುತ್ತದೆ. ಇದರಲ್ಲಿಲ್ಲ. ಯಾಕೆ? ಆ ವಾಸನೆ ಗೋಧಿಯದಲ್ಲ, ಅಲ್ಲಿನ ಯೀಸ್ಟಿನದು. ಹಾಗಾದರೆ ಇಲ್ಲಿ ಬಳಸಿದ್ದು ತನ್ನ ಗುರುತು ಬಿಡದ ಅಮೆರಿಕನ್ ಯೀಸ್ಟೇ ಇರಬೇಕು. ಕಹಿ ಹಿತವಾಗಿದೆ, ಪರಿಮಳ ಮಾತ್ರ ದಟ್ಟವಾಗಿದೆ. ಯಾಕೆ? ಹಾಪ್ಸನ್ನು ಒಂದು ಗಂಟೆ ಕುದಿಸಿದರೆ ಕಹಿ ಇಳಿಯುತ್ತದೆ, ಪರಿಮಳದ ಎಣ್ಣೆಗಳು ಹಬೆಯ ಜೊತೆ ಹಾರಿಹೋಗುತ್ತವೆ. ಅಂದರೆ ಬಹುಪಾಲು ಹಾಪ್ಸನ್ನು ಒಲೆ ಆರಿಸುವ ಹೊತ್ತಿಗೆ ಹಾಕಿದ್ದಾರೆ, ಮತ್ತಷ್ಟನ್ನು ಹುದುಗು ಮುಗಿಯುತ್ತ ಬಂದಾಗ ತಣ್ಣಗಿನ ಬಿಯರಿಗೇ ಸುರಿದಿದ್ದಾರೆ.

ಇನ್ನು ಗೋಧಿಯ ತರಲೆ. ಬಾರ್ಲಿ ಕಾಳಿಗೆ ಸಿಪ್ಪೆಯ ಹೊದಿಕೆಯಿದೆ, ಬಿಸಿನೀರಲ್ಲಿ ನೆನೆಸಿದ ಮಾಲ್ಟಿನಿಂದ ಸಿಹಿರಸ ಇಳಿಸುವಾಗ ಆ ಸಿಪ್ಪೆಯೇ ಜರಡಿಯಾಗುತ್ತದೆ. ಗೋಧಿಗೆ ಆ ಹೊದಿಕೆಯಿಲ್ಲ. ಅರ್ಧಕ್ಕರ್ಧ ಗೋಧಿ ಹಾಕಿದವನ ಪಾತ್ರೆಯಲ್ಲಿ ಎಲ್ಲವೂ ಅಂಟಂಟು ಮುದ್ದೆಯಾಗಿ ತೊಟ್ಟು ರಸವೂ ಇಳಿಯದೆ ಕೂರಬಹುದು. ಇದಕ್ಕೆ ಅವರು ಕಂಡುಕೊಂಡ ಮದ್ದು ನಮ್ಮ ಮಿಲ್ಲುಗಳ ಹಿಂದೆ ರಾಶಿ ಬಿದ್ದಿರುವ ಭತ್ತದ ಹೊಟ್ಟು! ಅದನ್ನು ತೊಳೆದು ಒಂದಿಷ್ಟು ಬೆರೆಸಿದರೆ ರಸ ಸರಾಗ. ಆ ನೀರಿನ ಬಿಸಿ 65 ಡಿಗ್ರಿಯಲ್ಲಿದ್ದರೆ ಬಿಯರು ತೆಳ್ಳಗೆ ಚುರುಕಾಗುತ್ತದೆ, 69 ಆದರೆ ಮೈ ತುಂಬಿಕೊಳ್ಳುತ್ತದೆ. ಹುದುಗುವಾಗ 18ರಿಂದ 20 ಡಿಗ್ರಿ ಕಾಯಬೇಕು. ಬಾಟಲಿಗೆ ತುಂಬುವಾಗ ಗಾಳಿ ಸೋಕಿತೋ, ಅಷ್ಟು ಕಷ್ಟಪಟ್ಟು ತಂದ ಘಮ ಕೆಲವೇ ವಾರಗಳಲ್ಲಿ ಮಂಕಾಗಿ ಒದ್ದೆ ರಟ್ಟಿನ ವಾಸನೆಗೆ ತಿರುಗುತ್ತದೆ.

ಇಷ್ಟನ್ನೂ ಕಲಿಸುವುದು ನಕಲು. ಯಾಕೆಂದರೆ ನಕಲಿಗೆ ಒಂದು ಸಾಕ್ಷಿಯಿದೆ. ಎರಡು ಲೋಟ ಪಕ್ಕ ಪಕ್ಕ ಇಟ್ಟಾಗ ಸುಳ್ಳು ಹೇಳಲು ಜಾಗವಿರುವುದಿಲ್ಲ. ಇದು ಮೂಲ, ಇದು ನನ್ನದು, ನಡುವೆ ಇಷ್ಟು ಅಂತರ. ಆ ಅಂತರವೇ ಪಾಠ.

'ಸ್ವಂತದ್ದು' ಎನ್ನುವವರಿಗೆ ಈ ಸಾಕ್ಷಿಯಿಲ್ಲ. ಮೊದಲ ಸಲಕ್ಕೇ ಮಾವಿನಹಣ್ಣು, ಮೆಣಸಿನಕಾಯಿ, ಕಾಫಿಪುಡಿ ಸೇರಿಸಿ ಯಾರೂ ಮಾಡದ್ದನ್ನು ಮಾಡಿದೆನೆಂದು ಬೀಗುವವರನ್ನು ಕೇಳಿ, ನಿಮ್ಮ ಬಿಯರಿನಲ್ಲಿ ಈ ಹುಳಿ ಯಾಕೆ ಬಂತು? 'ಅದು ಬೇಕೆಂದೇ ತಂದದ್ದು' ಎಂಬ ಉತ್ತರ ಸಿದ್ಧವಿರುತ್ತದೆ. ಹೋಲಿಸಲು ಏನೂ ಇಲ್ಲದ ಕಡೆ ಪ್ರತಿ ದೋಷವೂ ಶೈಲಿಯಾಗಿಬಿಡುತ್ತದೆ. ಹೊಸತನದ ಹೆಸರಿನಲ್ಲಿ ನಡೆಯುವ ಬಹಳಷ್ಟು ವ್ಯವಹಾರ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಉಪಾಯ.

ಅಷ್ಟಕ್ಕೂ ಈ 'ಸ್ವಂತ' ಎಲ್ಲಿದೆ? 1516ರಲ್ಲಿ ಬವೇರಿಯಾದ ಅರಸರು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದೆಂದು ಕಟ್ಟಳೆ ಮಾಡಿದರು. 1602ರಿಂದ ಸುಮಾರು ಎರಡು ಶತಮಾನ ಗೋಧಿ ಬಿಯರಿನ ಹಕ್ಕನ್ನು ಅರಮನೆಯೇ ಇಟ್ಟುಕೊಂಡು ಬೊಕ್ಕಸ ತುಂಬಿಸಿಕೊಂಡಿತು. ಜನ ಅದನ್ನು ಮರೆಯತೊಡಗಿದ್ದಾಗ, 1872ರಲ್ಲಿ, ಗೆಯೋರ್ಗ್ ಶ್ನೈಡರ್ ಎಂಬಾತ ಅದನ್ನು ಮಾಡುವ ಹಕ್ಕು ಪಡೆದು ಉಳಿಸಿದ. ಅಮೆರಿಕದವರು ಆ ಗೋಧಿಯನ್ನು ತೆಗೆದುಕೊಂಡರು, ಯೀಸ್ಟ್ ಬದಲಿಸಿದರು. ಇನ್ನು ಅಮರಿಲ್ಲೋ ಹಾಪ್ಸ್ ವಾಷಿಂಗ್ಟನ್ ರಾಜ್ಯದ ಒಂದು ತೋಟದಲ್ಲಿ ತಾನಾಗಿ ಹುಟ್ಟಿ ಕಣ್ಣಿಗೆ ಬಿದ್ದ ಬಳ್ಳಿ. ತೋಟದವರು ಅದಕ್ಕೆ ಪೇಟೆಂಟ್ ಪಡೆದರು, ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಂಡರು. ಹವ್ಯಾಸಿ ಅದರ ಒಣಗಿದ ಹೂವನ್ನು ಕೊಳ್ಳಬಹುದಿತ್ತು, ಹಿತ್ತಿಲಲ್ಲಿ ನೆಡಲು ಬೇರು ಸಿಗುತ್ತಿರಲಿಲ್ಲ. ಪ್ರಕೃತಿ ಕೊಟ್ಟ ಬಳ್ಳಿಗೆ ಬೇಲಿ ಹಾಕುವುದು ವ್ಯಾಪಾರ, ಆ ಹೂವಿನ ಬಳಕೆಯನ್ನು ಮನೆಯಲ್ಲಿ ಕೂತು ಕಲಿಯುವುದು ಮಾತ್ರ ಕಳ್ಳತನವೇ?

ಕಳ್ಳತನದ ಮಾತು ಬಂದದ್ದರಿಂದ ಗೆರೆಯನ್ನು ಸ್ಪಷ್ಟವಾಗಿ ಎಳೆಯೋಣ. ಕಂಪನಿಯ ಹೆಸರು, ಬೆಕ್ಕಿನ ಚಿತ್ರ ಅಂಟಿಸಿ ಮಾರಿದರೆ ಅದು ಕಳವು, ಎರಡು ಮಾತಿಲ್ಲ. ಆದರೆ ಅಮೆರಿಕದ ಕಾನೂನಿನ ಪ್ರಕಾರವೇ ಮನೆಯ ಬಿಯರನ್ನು ಮಾರುವಂತಿಲ್ಲ. ಪಾನನಿಷೇಧ 1933ರಲ್ಲಿ ಮುಗಿದರೂ ಅಲ್ಲಿ ಮನೆಯಲ್ಲಿ ತೆರಿಗೆಯಿಲ್ಲದೆ ಬಿಯರ್ ಮಾಡುವುದಕ್ಕೆ ಅನುಮತಿ ಸಿಗಲು 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಬೇಕಾಯಿತು. ವಯಸ್ಕರೊಬ್ಬರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200, ಅದೂ ಸ್ವಂತ ಬಳಕೆಗೆ. ಹತ್ತೊಂಬತ್ತು ಲೀಟರಿನ ಒಂದು ಪಾತ್ರೆಯಿಂದ ಯಾವ ಕಂಪನಿಯೂ ದಿವಾಳಿಯಾಗುವುದಿಲ್ಲ. ಇದು ಕಂಪನಿಗಳಿಗೂ ಗೊತ್ತು. ಸ್ಕಾಟ್ಲೆಂಡಿನ ಬ್ರೂಡಾಗ್ 2016ರಲ್ಲಿ ಅಲ್ಲಿಯವರೆಗಿನ ತನ್ನ ಇನ್ನೂರಕ್ಕೂ ಹೆಚ್ಚು ಬಿಯರುಗಳ ಪಾಕವನ್ನು ಮನೆಯ ಅಳತೆಗೆ ಇಳಿಸಿ ಪುಕ್ಕಟೆಯಾಗಿ ಹಂಚಿತು. ಗುಟ್ಟು ಬಿಟ್ಟುಕೊಟ್ಟಿದ್ದಕ್ಕೆ ಅದು ಮುಳುಗಲಿಲ್ಲ. ಸಿಯೆರಾ ನೆವಾಡ ಕಂಪನಿಯನ್ನು 1980ರಲ್ಲಿ ಶುರುಮಾಡಿದ ಕೆನ್ ಗ್ರಾಸ್‌ಮನ್ ಅದಕ್ಕೂ ಮೊದಲು ನಡೆಸುತ್ತಿದ್ದದ್ದು ಮನೆಯಲ್ಲಿ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿ. ಈ ಉದ್ಯಮದ ತೊಟ್ಟಿಲೇ ಹವ್ಯಾಸಿಯ ಅಡುಗೆಮನೆ.

ಕನ್ನಡದಲ್ಲಿ ಓದುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿ ಬಂದದ್ದೇ ವಿಚಿತ್ರ. ಬಾಣನ ಸಂಸ್ಕೃತ ಗದ್ಯವನ್ನು ನಾಗವರ್ಮ ಕನ್ನಡದ ಚಂಪುವಿಗೆ ತಂದ. ಪಂಪ ವ್ಯಾಸರ ಕಥೆಯನ್ನೇ ಹಿಡಿದ. ಬಿ.ಎಂ.ಶ್ರೀ. 'ಇಂಗ್ಲಿಷ್ ಗೀತಗಳು' ಕೊಟ್ಟದ್ದು ಪರಭಾಷೆಯ ಪದ್ಯಗಳನ್ನು ನಮ್ಮ ಬಾಯಿಗೆ ಒಗ್ಗಿಸುವ ಯತ್ನದಲ್ಲಿ, ಅದರಿಂದ ಹೊಸಗನ್ನಡ ಕಾವ್ಯದ ನಡಿಗೆಯೇ ಬದಲಾಯಿತು. ಇವರಲ್ಲಿ ಯಾರಿಗೂ ಮೂಲವನ್ನು ಮುಟ್ಟಲು ನಾಚಿಕೆಯಿರಲಿಲ್ಲ. ಮುಟ್ಟಿದ್ದರಿಂದಲೇ, ತಮ್ಮ ಭಾಷೆ ಮೂಲದ ಹಾಗೆ ಬಾಗದ ಜಾಗ ಯಾವುದೆಂದು ಅವರಿಗೆ ತಿಳಿಯಿತು. ಸ್ವಂತಿಕೆ ಹುಟ್ಟಿದ್ದು ಅಲ್ಲಿ. ಇವತ್ತು ಬರೆಯಲು ಕೂರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ 'ನಿನ್ನದೇ ದನಿ ಹುಡುಕು' ಎನ್ನುತ್ತೇವೆ. ಯಾರ ದನಿಯನ್ನೂ ಕಿವಿಗೊಟ್ಟು ಕೇಳದವರು ತಮ್ಮದನ್ನು ಎಲ್ಲಿಂದ ಗುರುತಿಸಬೇಕು?

ಎದುರಾಳಿಗಳ ಒಂದು ಮಾತನ್ನು ಒಪ್ಪುತ್ತೇನೆ. ಡಬ್ಬಿಯಲ್ಲಿ ಬರುವ ಕ್ಲೋನ್ ಕಿಟ್ ಕೊಂಡು, ಚೀಟಿಯಲ್ಲಿ ಬರೆದಂತೆ ಪುಡಿ ಸುರಿದು, ರುಚಿಯನ್ನೂ ಹೋಲಿಸದೆ 'ಗಂಬಾಲ್‌ಹೆಡ್ ಮಾಡಿದೆ' ಎನ್ನುವವನು ಏನನ್ನೂ ಕಲಿಯಲಿಲ್ಲ. ಅದು ಗೈಡ್ ನೋಡಿ ಬರೆದ ಪರೀಕ್ಷೆ. ಹಾಗೆಯೇ ಮೂಲಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಬರಬಾರದೆಂದು ಜೀವ ತೇಯುವವನೂ ದಾರಿ ತಪ್ಪಿದವನೇ. ಅವನ ನೀರು ಬೇರೆ, ಒಲೆ ಬೇರೆ, ಆ ವರ್ಷದ ಹಾಪ್ಸಿನ ಬೆಳೆ ಬೇರೆ. ನಾನು ವಕಾಲತ್ತು ಹಾಕುತ್ತಿರುವುದು ಈ ಇಬ್ಬರ ನಡುವೆ ನಿಂತು 'ಇದು ಹೇಗಾಯಿತು' ಎಂದು ಕೇಳುವವನಿಗೆ.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರು ಪಾತ್ರೆ ತೊಳೆಯಲು ಏಳಬೇಡಿ. 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಆದರೆ ಒಂದು ಒಳ್ಳೆಯ ಕಥೆಯನ್ನೋ ಪದ್ಯವನ್ನೋ ಮುಂದಿಟ್ಟುಕೊಂಡು, ಸಾಲು ಸಾಲಾಗಿ ಬಿಚ್ಚಿ, ಅದರ ಹಾಗೆಯೇ ಒಂದನ್ನು ಕಟ್ಟಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಲು ಯಾರ ಪರವಾನಗಿಯೂ ಬೇಡ. ಪ್ರಕಟಿಸುವುದೂ ಬೇಡ. ಎರಡರ ನಡುವಿನ ಅಂತರ ಎಷ್ಟೆಂದು ಕಂಡರೆ ಆಯಿತು.