ಕಲಿಕಾ ನ್ಯೂನತೆಯುಳ್ಳವರೂ ಬಳಸಬಲ್ಲ ಸರ್ಕಾರಿ ಜಾಲತಾಣಗಳಿಗಾಗಿ ಮನವಿ ಪತ್ರ

ಇವರಿಗೆ: ದೂರಸಂಪರ್ಕ ಮತ್ತು ಡಿಜಿಟಲ್ ಸರ್ಕಾರ ನಿಯಂತ್ರಣ ಪ್ರಾಧಿಕಾರ, ಸಂಯುಕ್ತ ಅರಬ್ ಎಮಿರೇಟ್ಸ್

ಇವರಿಂದ: ದುಬೈ ಮತ್ತು ಅಬುಧಾಬಿಯಲ್ಲಿ ನೆಲೆಸಿರುವ, ಕಲಿಕಾ ನ್ಯೂನತೆಯುಳ್ಳ ಮಕ್ಕಳ ಕನ್ನಡಿಗ ಪೋಷಕರು



2006ರ 29ನೇ ಫೆಡರಲ್ ಕಾನೂನಿನಿಂದ ಅಂಗವಿಕಲರ ಹಕ್ಕುಗಳಿಗೆ ರಕ್ಷಣೆ ನೀಡಿ, 2017ರಿಂದ ಅವರನ್ನು ‘ದೃಢಸಂಕಲ್ಪದ ಜನ’ ಎಂದು ಗೌರವದಿಂದ ಕರೆಯುತ್ತಿರುವ ಈ ದೇಶವು, 2010ರಲ್ಲಿ ಸ್ಥಿರೀಕರಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯ ಪ್ರಕಾರ ಕಟ್ಟಡ, ಸಾರಿಗೆಗಳಂತೆಯೇ ಅಂತರ್ಜಾಲವನ್ನೂ ಎಲ್ಲರಿಗೂ ಎಟುಕುವಂತೆ ಮಾಡುವ ಹೊಣೆ ಹೊತ್ತಿದೆ. ಆದರೆ ಜಾಲತಾಣದ ಸುಗಮತೆ ಎಂದೊಡನೆ ಅಕ್ಷರ ದೊಡ್ಡದಾಗಿಸುವ ಗುಂಡಿ, ಬಣ್ಣ ಬದಲಿಸುವ ಸೌಲಭ್ಯಗಳೇ ನೆನಪಾಗುವುದರಿಂದ, ಕಣ್ಣು ಕಿವಿಗಳು ನೆಟ್ಟಗಿದ್ದೂ ಪುಟದ ಮುಂದೆ ಸೋಲುವವರು ಲೆಕ್ಕಕ್ಕೆ ಬರುವುದಿಲ್ಲ.

ಅಕ್ಷರ ಮತ್ತು ಧ್ವನಿಯನ್ನು ಹೊಂದಿಸಿ ಓದುವುದು ಕಷ್ಟವಾಗುವ ಡಿಸ್ಲೆಕ್ಸಿಯಾ, ಸಂಖ್ಯೆಗಳ ಗ್ರಹಿಕೆಗೆ ತೊಡಕಾಗುವ ಡಿಸ್ಕ್ಯಾಲ್ಕುಲಿಯಾ, ಬರವಣಿಗೆಯನ್ನು ಬಾಧಿಸುವ ಡಿಸ್ಗ್ರಾಫಿಯಾ, ಇವು ಬುದ್ಧಿಯ ಕೊರತೆಗಳಲ್ಲ. 784ರಿಂದ ಆರಂಭವಾಗುವ 15 ಅಂಕಿಗಳ ಎಮಿರೇಟ್ಸ್ ಐಡಿ ಸಂಖ್ಯೆಯನ್ನು ಕಾರ್ಡ್ ನೋಡಿ ನಮೂದಿಸುವಾಗ ಡಿಸ್ಕ್ಯಾಲ್ಕುಲಿಯಾ ಇರುವ ಯುವಕನಿಗೆ ಎರಡು ಅಂಕಿಗಳು ಅದಲುಬದಲಾದರೆ, ‘ತಪ್ಪು ಮಾಹಿತಿ’ ಎಂಬ ಕೆಂಪು ಸಾಲು ತಪ್ಪು ಎಲ್ಲಿದೆಯೆಂದು ಹೇಳುವುದಿಲ್ಲ; ಮೊದಲಿನಿಂದ ಹೊಡೆದು ಮುಗಿಸುವಷ್ಟರಲ್ಲಿ ಮೊಬೈಲಿಗೆ ಬಂದ ಒಟಿಪಿಯ ಅವಧಿ ತೀರಿರುತ್ತದೆ, ಮುಂದಿನ ಪುಟ ಅದೇ ಸಂಖ್ಯೆಯನ್ನು ಮತ್ತೆ ಕೇಳುತ್ತದೆ. ಮನೆಯಲ್ಲಿ ಕನ್ನಡವೋ ತುಳುವೋ ಆಡುತ್ತ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದಿ, ಅರಬ್ಬಿಯನ್ನೂ ಕಲಿಯುವ ಮಕ್ಕಳಿಗೆ ಕಾನೂನಿನ ಭಾಷೆಯ ಉದ್ದುದ್ದ ವಾಕ್ಯಗಳು ಇನ್ನಷ್ಟು ಭಾರವಾಗುತ್ತವೆ.

ಇಂದು ಅರ್ಜಿ ತುಂಬುವ ಈ ಕೆಲಸವನ್ನು ತಂದೆತಾಯಿಯರೇ ಮಾಡಿಕೊಡುತ್ತಿದ್ದಾರೆ, ಇಲ್ಲವೇ ಟೈಪಿಂಗ್ ಸೆಂಟರಿಗೆ ಹಣ ಕೊಟ್ಟು ಮಾಡಿಸುತ್ತಿದ್ದಾರೆ. ದೃಢಸಂಕಲ್ಪದ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲದೆ ಪೋಷಕರ ಪ್ರಾಯೋಜಕತ್ವದಲ್ಲಿ ವಾಸಿಸಲು 2022ರ ವೀಸಾ ಸುಧಾರಣೆ ಉದಾರವಾಗಿ ಅವಕಾಶ ನೀಡಿದೆ. ಹಾಗೆ ಇಲ್ಲಿಯೇ ಬೆಳೆದು ದೊಡ್ಡವರಾದವರು ತಮ್ಮ ಗುಪ್ತಪದ, ಬ್ಯಾಂಕ್ ವಿವರ, ವೈದ್ಯಕೀಯ ದಾಖಲೆಗಳನ್ನು ಜೀವನವಿಡೀ ಬೇರೆಯವರ ಕೈಗೊಪ್ಪಿಸಬೇಕಾದ ಸ್ಥಿತಿಯನ್ನು ಮನವಿದಾರರು ಒಪ್ಪಲಾರರು.

ಆದುದರಿಂದ, ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2023ರ ಅಕ್ಟೋಬರ್‌ನಲ್ಲಿ ಹೊರತಂದ ಜಾಲತಾಣ ಸುಗಮತಾ ಮಾರ್ಗಸೂಚಿಯ 2.2ನೇ ಆವೃತ್ತಿಯನ್ನು ಯುಎಇ ಪಾಸ್, ಅಬುಧಾಬಿಯ ತಮ್ಮ್, ದುಬೈ ನೌ ಸೇರಿದಂತೆ ಎಲ್ಲ ಸರ್ಕಾರಿ ಸೇವೆಗಳಿಗೂ ಕಡ್ಡಾಯಗೊಳಿಸಬೇಕೆಂಬುದು ಮೊದಲ ಬೇಡಿಕೆ. ಏಕೆಂದರೆ ಒಮ್ಮೆ ಕೊಟ್ಟ ಮಾಹಿತಿಯನ್ನು ಅದೇ ಪ್ರಕ್ರಿಯೆಯಲ್ಲಿ ಮತ್ತೆ ನಮೂದಿಸಲು ಹೇಳಬಾರದು, ಲಾಗಿನ್ ಆಗುವುದು ನೆನಪಿನ ಪರೀಕ್ಷೆಯಾಗಬಾರದು, ಸಹಾಯದ ಕೊಂಡಿ ಇರುವ ಪುಟಗಳಲ್ಲೆಲ್ಲ ಅದು ಒಂದೇ ಜಾಗದಲ್ಲಿರಬೇಕು ಎಂದು ಆ ಆವೃತ್ತಿ ಹೊಸದಾಗಿ ಸೇರಿಸಿದ ಅಂಶಗಳು ಇಲ್ಲಿನ ತೊಡಕಿಗೇ ಹೇಳಿಮಾಡಿಸಿದಂತಿವೆ. ವಾಸದ ಪರವಾನಗಿ ನವೀಕರಣ, ಆರೋಗ್ಯ ವಿಮೆ ಮತ್ತು ತುರ್ತು ಸೂಚನೆಗಳ ಪುಟಗಳಿಗೆ, ಒಂದು ವಾಕ್ಯಕ್ಕೆ ಒಂದೇ ವಿಚಾರವಿಟ್ಟು ಪಕ್ಕದಲ್ಲಿ ಚಿತ್ರ ಕೊಡುವ ‘ಸುಲಭ ಓದು’ ಆವೃತ್ತಿಯನ್ನು ಅರಬ್ಬಿ, ಇಂಗ್ಲಿಷ್ ಎರಡರಲ್ಲೂ ಸಿದ್ಧಪಡಿಸಬೇಕು. ಅರ್ಜಿ ಅರ್ಧಕ್ಕೆ ನಿಂತರೂ ತುಂಬಿದ್ದು ಉಳಿಯಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಪುಟವನ್ನು ಸಾರ್ವಜನಿಕರಿಗೆ ತೆರೆಯುವ ಮೊದಲು ಕಲಿಕಾ ನ್ಯೂನತೆಯುಳ್ಳವರಿಂದಲೇ, ಅವರ ಶ್ರಮಕ್ಕೆ ಸಂಭಾವನೆ ನೀಡಿ, ಪರೀಕ್ಷೆ ಮಾಡಿಸಬೇಕು. ಅಬುಧಾಬಿಯ ಝಾಯೆದ್ ದೃಢಸಂಕಲ್ಪದ ಜನರ ಪ್ರಾಧಿಕಾರ ಮತ್ತು ದುಬೈನ ಸಮುದಾಯ ಅಭಿವೃದ್ಧಿ ಪ್ರಾಧಿಕಾರದ ನೆರವು ಇದಕ್ಕೆ ದೊರೆಯಬಲ್ಲದು. ಯಂತ್ರದ ತಪಾಸಣೆ ಬಣ್ಣವನ್ನು ಅಳೆಯಬಹುದೇ ಹೊರತು ವಾಕ್ಯ ಅರ್ಥವಾಯಿತೇ ಎಂದು ಹೇಳಲಾರದು. ಇಂಥ ಮೊದಲ ಪರೀಕ್ಷೆಯ ದಿನಾಂಕವನ್ನು ಪ್ರಾಧಿಕಾರವು ಲಿಖಿತವಾಗಿ ತಿಳಿಸಬೇಕೆಂದು ಮನವಿದಾರರು ಕೋರುತ್ತಾರೆ.