ಔಟಾದವರನ್ನು ಒಳಗೆ ಕರೆತನ್ನಿ
ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕ್ರೈಸ್ತ ಮನೆಗಳಿಗೆ ಒಂದು ಮನವಿ



ಮಳೆ ಬಿಟ್ಟು ನೆಲ ಒಣಗಿತೆಂದರೆ ನಮ್ಮ ಮೂರು ತಾಲೂಕುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಶುರು. ಶಾಲಾ ಮೈದಾನದಲ್ಲಿ ಕಂಬ ನೆಟ್ಟು ಲೈಟು ಕಟ್ಟಿ, ಮೈಕಿನಲ್ಲಿ ವೀಕ್ಷಕ ವಿವರಣೆ ಕೇಳತೊಡಗಿದರೆ ನಡುರಾತ್ರಿ ದಾಟಿದರೂ ಜನ ಕದಲುವುದಿಲ್ಲ. ಆಡುವವರಲ್ಲೂ ನೋಡುವವರಲ್ಲೂ ನಮ್ಮ ಹುಡುಗರಿದ್ದಾರೆ. ಮರುದಿನ ಬೆಳಗ್ಗಿನ ಬಲಿಪೂಜೆಗೆ, ಆರಾಧನೆಗೆ ಅವರಲ್ಲಿ ಎಷ್ಟೋ ಮಂದಿ ಕಾಣುವುದಿಲ್ಲ. ಅದಕ್ಕೆ ಬೈಯಲೆಂದು ಈ ಕರಪತ್ರ ಅಚ್ಚು ಹಾಕಿಸಿದ್ದಲ್ಲ. ಆ ಅಂಕಣದಲ್ಲಿ ನಡೆಯುವ ಒಂದು ಸಂಗತಿ ನಮ್ಮ ಸಭೆಗಳಲ್ಲಿ ನಡೆಯುತ್ತಿಲ್ಲ ಎಂಬುದೇ ನಮ್ಮ ತಕರಾರು.

ಸಂತ ಪೌಲನಿಗೂ ಆಟದ ಊರಿನ ಒಡನಾಟವಿತ್ತು. ಕೊರಿಂಥದ ಹತ್ತಿರದ ಇಸ್ತ್ಮಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನಿಗೆ ಸಿಗುತ್ತಿದ್ದುದು ನಾಲ್ಕು ದಿನದಲ್ಲಿ ಬಾಡುವ ಸೊಪ್ಪಿನ ಕಿರೀಟ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯವನ್ನು ನಾವು ಓದುವಾಗ ಬಹುಮಾನದ ಮಾತಿಗೇ ನಿಂತುಬಿಡುತ್ತೇವೆ. ಪೌಲ ಒತ್ತು ಕೊಟ್ಟದ್ದು ಮೈಯನ್ನು ಅಂಕೆಯಲ್ಲಿಟ್ಟು ಮಾಡುವ ಅಭ್ಯಾಸಕ್ಕೆ. ಒಲಿಂಪಿಯಾದಲ್ಲಿ ಇನ್ನೊಂದು ಪದ್ಧತಿಯಿತ್ತು: ಹತ್ತು ತಿಂಗಳು ತಪ್ಪದೆ ಅಭ್ಯಾಸ ಮಾಡಿದ್ದೇನೆಂದು ಕ್ರೀಡಾಪಟು ಆಣೆ ಮಾಡಬೇಕಿತ್ತು. ಗೆಲ್ಲುತ್ತೇನೆಂಬ ಆಣೆಯಲ್ಲ, ಅಭ್ಯಾಸ ಮಾಡಿದ್ದೇನೆಂಬ ಆಣೆ!

ಅಂಥ ಆಣೆಯನ್ನು ನಮಗೆ ಇಟ್ಟರೆ ಎಷ್ಟು ಮಂದಿ ಬಾಯಿ ತೆರೆದೇವು? ವಾರ್ಷಿಕ ಹಬ್ಬಕ್ಕೆ, ಕ್ರಿಸ್ಮಸ್ಸಿಗೆ, ಹೊರಗಿನಿಂದ ಬೋಧಕರು ಬರುವ ಧ್ಯಾನಕೂಟಕ್ಕೆ ನಿಲ್ಲಲು ಜಾಗವಿಲ್ಲ. ಜೂನ್ ತಿಂಗಳ ಮಳೆಯಲ್ಲಿ ಕರೆಂಟು ಹೋದ ಸಂಜೆ ಮನೆಯಲ್ಲಿ ಜಪಸರ ಹಿಡಿದವರೆಷ್ಟು, ಬೈಬಲ್ ಬಿಚ್ಚಿದವರೆಷ್ಟು? ದೃಢೀಕರಣ ಆಗುವವರೆಗೆ ಮಕ್ಕಳನ್ನು ಧರ್ಮಬೋಧೆಯ ತರಗತಿಗೆ ಅಟ್ಟುತ್ತೇವೆ, ಫೋಟೊ ತೆಗೆದಲ್ಲಿಗೆ ಕೆಲಸ ಮುಗಿಯಿತು. ಅಡಿಕೆಗೆ ನಾವು ಮದ್ದು ಬಿಡುವುದು ಮಳೆ ಹಿಡಿಯುವ ಮುಂಚೆ, ಕೊಳೆರೋಗ ಬಂದು ಕಾಯಿ ಉದುರಿದ ಮೇಲಲ್ಲ. ಮಕ್ಕಳು ಬೆಂಗಳೂರಿನ ಪಿ.ಜಿ.ಗೋ ಗಲ್ಫಿನ ಆಸ್ಪತ್ರೆಯ ನೈಟ್ ಡ್ಯೂಟಿಗೋ ಹೋದ ಮೇಲೆ ಫೋನಿನಲ್ಲಿ ಬುದ್ಧಿ ಹೇಳುವ ತಂದೆ-ತಾಯಿ ಈ ಲೆಕ್ಕ ಮರೆತಿದ್ದಾರೆ.

ಅಭ್ಯಾಸವಿದ್ದವನೂ ಬೀಳುತ್ತಾನೆ ಎನ್ನುವಿರಿ. ಹೌದು. ಓಟಗಾರ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾನುವಾರ ಓಡಲೊಲ್ಲೆ ಎಂದು ನೂರು ಮೀಟರ್ ಬಿಟ್ಟು, 400 ಮೀಟರಿನಲ್ಲಿ ಚಿನ್ನ ಗೆದ್ದ ಕಥೆ ಎಲ್ಲ ಪ್ರಸಂಗಗಳಲ್ಲೂ ಬರುತ್ತದೆ. ನಮಗೆ ಹೆಚ್ಚು ಹಿಡಿಸುವುದು ಅದರ ಹಿಂದಿನ ವರ್ಷದ್ದು. 1923ರಲ್ಲಿ ಇಂಗ್ಲೆಂಡಿನ ಸ್ಟೋಕ್‌ನಲ್ಲಿ 440 ಗಜದ ಓಟ ಶುರುವಾಗುತ್ತಲೇ ಇನ್ನೊಬ್ಬ ತಾಗಿ ಲಿಡೆಲ್ ಬಿದ್ದರು. ಉಳಿದವರು ಸುಮಾರು ಇಪ್ಪತ್ತು ಗಜ ಮುಂದಿದ್ದರು. ಎದ್ದು ಓಡಿದರು, ಗೆದ್ದರು. ಮುಂದೆ ಮಿಷನರಿಯಾಗಿ ಚೀನಕ್ಕೆ ಹೋಗಿ, ಜಪಾನೀಯರ ಸೆರೆ ಶಿಬಿರದಲ್ಲಿ 1945ರಲ್ಲಿ ತೀರಿಕೊಂಡರು. ಅಲ್ಲಿ ಭಾನುವಾರ ಮಕ್ಕಳು ಆಟದಲ್ಲಿ ಜಗಳಕ್ಕಿಳಿದಾಗ, ಅದೇ ಲಿಡೆಲ್ ಭಾನುವಾರವೇ ರೆಫ್ರಿಯಾಗಿ ನಿಂತರು. ನಿಯಮ ಸಡಿಲವಾಯಿತೆಂದು ಯಾರಾದರೂ ಅಂದರೆ ಅನ್ನಲಿ.

ಬಿದ್ದೆದ್ದವರು ನಮ್ಮಲ್ಲೂ ಇದ್ದರು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಸೆರೆಯಲ್ಲಿ ಮತ ಬಿಡಬೇಕಾಗಿ ಬಂದವರೂ ಅವರಲ್ಲಿದ್ದರು. 1799ರಲ್ಲಿ ಸೆರೆ ಮುಗಿದ ಬಳಿಕ ಮರಳಿ ಬಂದವರೇ ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿದರು.

ಈಗ ಕಬಡ್ಡಿಗೆ ಬರೋಣ. ಔಟಾದ ಆಟಗಾರ ಅಂಕಣದ ಹಿಂದೆ ಹೋಗಿ ಕೂರುತ್ತಾನೆ. ಅವನೆಷ್ಟೇ ಗಟ್ಟಿಗನಿರಲಿ, ತಾನಾಗಿ ಒಳಗೆ ಬರುವಂತಿಲ್ಲ. ಒಳಗಿದ್ದವರು ಎದುರಾಳಿಯನ್ನು ಔಟ್ ಮಾಡಿದರೆ ಮಾತ್ರ ಅವನಿಗೆ ಜೀವ. ಅದೂ ಸಾಲಿನ ಪ್ರಕಾರ: ಮೊದಲು ಔಟಾದವನೇ ಮೊದಲು ಒಳಗೆ. ಕೂತವನನ್ನು ಹಳಿದರೆ ಅಂಕ ಬರುವುದಿಲ್ಲ. ಅವನು ಕೂತೇ ಇದ್ದರೆ ಸೋಲುವುದು ಇಡೀ ತಂಡ.

ನಮ್ಮಲ್ಲಿ ಔಟಾಗಿ ಕೂತವರು ಯಾರೆಂದು ಎಲ್ಲರಿಗೂ ಗೊತ್ತು. ಕಮಿಟಿ ಸಭೆಯಲ್ಲಿ ಮಾತಿಗೆ ಮಾತು ಬೆಳೆದು ಎದ್ದುಹೋದವರು. ಕುಡಿತಕ್ಕೆ ಬಿದ್ದವರು. ಬೇರೆ ಮತದವರನ್ನು ಮದುವೆಯಾದ ಹೆಣ್ಣುಮಕ್ಕಳು. ಗಂಡ ತೀರಿದ ಮೇಲೆ ವಂತಿಗೆ ಕೊಡಲಾಗದೆ, ಹಿಂದಿನ ಬೆಂಚಿಗೂ ಬರಲು ನಾಚಿದ ತಾಯಂದಿರು. ‘ವಿಶ್ವಾಸ ಅವರವರ ಸ್ವಂತದ್ದು, ಬರಬೇಕಾದವರು ಬರುತ್ತಾರೆ’ ಎಂದು ಹೇಳುವುದು ಸುಲಭ. ಓಟದ ಮಾತಿನಿಂದ ಶುರುವಾಗುವ ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯವನ್ನು ಅಂಥವರು ಮುಂದಕ್ಕೂ ಓದಲಿ. ಜೋತುಬಿದ್ದ ಕೈಗಳಿಗೆ, ಸೋತ ಮೊಣಕಾಲುಗಳಿಗೆ ಬಲ ತುಂಬುವ ಕೆಲಸವನ್ನು ಅದು ಇಡೀ ಸಭೆಗೆ ವಹಿಸುತ್ತದೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ವಾಳೆಯ ಗುರಿಕಾರರಾಗಲಿ, ಕುಟುಂಬ ಕೂಟದವರಾಗಲಿ, ಸಿ.ಎಸ್.ಐ. ಸಭೆಯ ಹಿರಿಯರಾಗಲಿ, ಈ ಭಾನುವಾರ ಕೂತು ಬಿಟ್ಟುಹೋದವರ ಹೆಸರು ಬರೆಯಿರಿ. ಮೊನ್ನೆ ಮೊನ್ನೆ ಬಿಟ್ಟವರಿಂದ ಬೇಡ, ಎಲ್ಲರಿಗಿಂತ ಮೊದಲು ಬಿಟ್ಟವರಿಂದ ಪಟ್ಟಿ ಶುರುವಾಗಲಿ. ಇಬ್ಬಿಬ್ಬರಾಗಿ ಆ ಮನೆಗೆ ಹೋಗಿ. ಬಾಗಿಲು ತೆರೆದರೆ ಕೂತು ಚಾ ಕುಡಿಯಿರಿ, ಇಗರ್ಜಿಯ ಮಾತನ್ನು ಅವರೇ ಎತ್ತಲಿ. ವಂತಿಗೆ ಬಾಕಿಯ ಪುಸ್ತಕ ಮಾತ್ರ ದಯವಿಟ್ಟು ಮನೆಯಲ್ಲೇ ಇಟ್ಟು ಹೋಗಿ.