ಫಿಯೆಟ್ಟಿನ ಮೊಳದುದ್ದದ ಪೈಪು

ಹಳೆಯ ಕಾರುಗಳ ರ‍್ಯಾಲಿಗೆ ಹೋದವರು ಏನೇನು ನೋಡುತ್ತಾರೆ? ಕ್ರೋಮಿನ ಹೊಳಪು, ಬಾಗಿಲು ಮುಚ್ಚುವಾಗಿನ ಗಟ್ಟಿ ಸದ್ದು, ಸೀಟಿನ ಹೊಲಿಗೆ, ಸ್ಟೀರಿಂಗಿನ ಪಕ್ಕದಲ್ಲೇ ಇರುವ ಗೇರ್ ಕಡ್ಡಿ. ಮಾಲೀಕರು ಹೆಮ್ಮೆಯಿಂದ ತೋರಿಸುವುದೂ ಇವನ್ನೇ. ಬಾನೆಟ್ ಎತ್ತಿಸಿ, ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ಪೈಪು ಎಷ್ಟು ವರ್ಷದ್ದು ಎಂದು ಕೇಳುವವರು ಅಪರೂಪ. ಕೇಳಿದರೂ ಉತ್ತರ ಗೊತ್ತಿರುವವರು ಇನ್ನೂ ಅಪರೂಪ. ಬಣ್ಣಕ್ಕೆ ಲಕ್ಷಗಟ್ಟಲೆ ಸುರಿದ ಗಾಡಿ ಒಂದು ಮೊಳ ರಬ್ಬರಿನಿಂದ ಸುಟ್ಟುಹೋಗಬಹುದು ಎಂಬುದು ಆ ಹೊಳಪಿನ ನಡುವೆ ಯಾರ ತಲೆಗೂ ಬರುವುದಿಲ್ಲ.

ಮುಂಬೈಯವರಿಗೆ ಚಿರಪರಿಚಿತವಾದ ಫಿಯೆಟ್ 1100ನ್ನೇ ತೆಗೆದುಕೊಳ್ಳಿ. ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದದ್ದು ಇದೇ ಕಾರು. ಪೆಟ್ರೋಲ್ ಟ್ಯಾಂಕಿ ಹಿಂದೆ, ಎಂಜಿನ್ನು ಮುಂದೆ. ನಡುವಿನ ದಾರಿಯಲ್ಲಿ ಬಹುಪಾಲು ಕಬ್ಬಿಣದ ಸಣ್ಣ ಪೈಪು ಗಾಡಿಯ ಹೊಟ್ಟೆಗೆ ಅಂಟಿಕೊಂಡು ಸಾಗುತ್ತದೆ. ಆದರೆ ಎಂಜಿನ್ನು ಅಲುಗುತ್ತದೆ, ಬಾಡಿ ಅಲುಗುವುದಿಲ್ಲ; ಗಟ್ಟಿ ಪೈಪು ಅಲ್ಲಿ ಸೀಳಿಬಿಡುತ್ತದೆ. ಅದಕ್ಕಾಗಿ ಕೂಡುವ ಜಾಗಗಳಲ್ಲಿ ರಬ್ಬರ್ ತುಂಡುಗಳು. ಅವು ಸಾಯುವುದು ಒಳಗಿನಿಂದ. ಮೇಲಿನ ಕಪ್ಪು ಮೈ ನುಣುಪಾಗಿಯೇ ಇರುತ್ತದೆ, ಒಳಮೈ ಮಾತ್ರ ಬಿರಿದು ಪುಡಿಯಾಗುತ್ತಿರುತ್ತದೆ. ಬೆಳಗ್ಗೆ ಗ್ಯಾರೇಜಿನ ಬಾಗಿಲು ತೆಗೆದಾಗ ಸಣ್ಣಗೆ ಪೆಟ್ರೋಲ್ ವಾಸನೆ. "ಹಳೇ ಗಾಡಿ ಅಲ್ವಾ, ವಾಸನೆ ಇದ್ದದ್ದೇ" ಎಂದು ನಗುವವರಿದ್ದಾರೆ. ಹಳೆಯ ಕಾರಿನ ಬಗ್ಗೆ ಆಡಬಹುದಾದ ಅತ್ಯಂತ ಅಪಾಯಕಾರಿ ಮಾತು ಇದು. ಸರಿಯಾಗಿರುವ ಗಾಡಿ ಎಷ್ಟೇ ಹಳೆಯದಾದರೂ ನಿಂತಲ್ಲಿ ಪೆಟ್ರೋಲ್ ನಾರಬಾರದು. ಒಂದು ಹನಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ, ಅಥವಾ ಆವಿಗೆ ಎಲ್ಲೋ ಒಂದು ಕಿಡಿ ಸಿಕ್ಕರೆ ಸಾಕು.

ಈ ಹಳೆಯ ಅಪಾಯಕ್ಕೆ ಈಗ ಹೊಸದೊಂದು ಕಾರಣ ಸೇರಿದೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿ. 2030ಕ್ಕೆ ಎಂದಿದ್ದ ಗುರಿಯನ್ನು 2025ಕ್ಕೆ ಎಳೆದು ತಂದು ಮುಟ್ಟಿದ್ದೂ ಆಯಿತು. ಕಬ್ಬು ಬೆಳೆಯುವವರಿಗೆ, ಕಚ್ಚಾತೈಲದ ಆಮದಿನ ಲೆಕ್ಕಕ್ಕೆ ಇದರಿಂದ ಲಾಭವಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಬೆಳಗಾವಿಯ ಹೊಲದ ಕಬ್ಬು ಚೆಂಬೂರಿನ ಫಿಯೆಟ್ಟಿನ ಟ್ಯಾಂಕಿಗೆ ಬಂದು ಬೀಳಬಹುದು ಎಂದರೆ ಒಂದು ಬಗೆಯ ಖುಷಿಯೂ ಆಗುತ್ತದೆ. ಆದರೆ ಐವತ್ತು ವರ್ಷದ ಹಿಂದಿನ ರಬ್ಬರಿಗೆ ಈ ನೆಂಟಸ್ತಿಕೆ ಗೊತ್ತಿಲ್ಲ. ಎಥನಾಲು ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ. ಪಂಪಿನ ಡಯಾಫ್ರಾಮಿಗೂ ಅದೇ ಗತಿ. ಟ್ಯಾಂಕಿಯಲ್ಲಿ ದಶಕಗಳಿಂದ ಕೂತ ಅಂಟನ್ನು ಕರಗಿಸಿ ತಂದು ಫಿಲ್ಟರಿಗೆ ತುಂಬುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮುಂಬೈ, ಚೆನ್ನೈಗಳ ಗಾಳಿಯಲ್ಲಿ ತೇವಕ್ಕೆ ಬರವೂ ಇಲ್ಲ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ.

2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ವಿವರಣೆಯಲ್ಲಿ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು, ಅದು ಅಗ್ಗದ ಕೆಲಸ, ಮಾಮೂಲಿ ಸರ್ವೀಸಿನಲ್ಲೇ ಆಗುತ್ತದೆ ಎಂದಿತ್ತು. ದಿನಾ ಆಫೀಸಿಗೆ ಓಡುವ ಕಾರಿಗೆ ಈ ಮಾತು ಒಪ್ಪುತ್ತದೆ. ವಿಂಟೇಜ್ ಕಾರಿಗೆ ಕಿಲೋಮೀಟರಿನ ಲೆಕ್ಕವೇ ತಪ್ಪು ಲೆಕ್ಕ. ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಓಡುವ ಗಾಡಿ 20,000 ಮುಟ್ಟುವ ಹೊತ್ತಿಗೆ ಮೊಮ್ಮಕ್ಕಳ ಕಾಲ ಬಂದಿರುತ್ತದೆ. ಅಷ್ಟೂ ಕಾಲ ಪೈಪಿನಲ್ಲಿ ಪೆಟ್ರೋಲ್ ನಿಂತೇ ಇರುತ್ತದೆ. ಇನ್ನು ಮಾಮೂಲಿ ಸರ್ವೀಸು ಎಲ್ಲಿ? ಪದ್ಮಿನಿಯ ತಯಾರಿಕೆ ನಿಂತು ಕಾಲು ಶತಮಾನವಾಗುತ್ತ ಬಂತು. ಮುಂಬೈಯ ಕಾಲಿ-ಪೀಲಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ 30ಕ್ಕೆ ರಸ್ತೆಯಿಂದ ಮರೆಯಾದವು. ಈ ಗಾಡಿಯ ನಾಡಿ ಬಲ್ಲ ಮಿಸ್ತ್ರಿಗಳಿಗೆ ದಿನದ ಕೆಲಸ ಕೊಡುತ್ತಿದ್ದ ಗಾಡಿಗಳೇ ಹೋದ ಮೇಲೆ ಆ ತಿಳಿವಳಿಕೆ ಎಷ್ಟು ದಿನ ಉಳಿದೀತು?

ಬ್ರಿಟನ್ನು 2021ರ ಸೆಪ್ಟೆಂಬರಿನಲ್ಲಿ ಶೇ. 10ರ ಮಿಶ್ರಣಕ್ಕೆ ಹೊರಳಿದಾಗ ಹಳೆಯ ವಾಹನಗಳಿಗೆಂದು ಶೇ. 5ರದ್ದನ್ನು ದುಬಾರಿ ದರ್ಜೆಯಲ್ಲಿ ಉಳಿಸಿಕೊಂಡಿತು. ಇಲ್ಲಿ ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ, ಪಂಪಿನಲ್ಲಿ ಪ್ರಮಾಣವನ್ನು ಬರೆಯಲಿ ಎಂದು ಕೇಳಿದ ಅರ್ಜಿಯನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಹೆಚ್ಚು ದುಡ್ಡು ಕೊಡುತ್ತೇನೆ, ಹಳೆಯದಕ್ಕೆ ಹೊಂದುವ ಪೆಟ್ರೋಲ್ ಕೊಡಿ ಎನ್ನುವುದು ಅತಿಯಾಸೆಯಲ್ಲ. ಆ ಬೇಡಿಕೆ ಮುಂದುವರಿಯಲಿ. ಅದು ಈಡೇರುವವರೆಗೆ ಹಳೆಯ ಪೈಪು ಕಾಯುವುದಿಲ್ಲ, ಅಷ್ಟೆ.

ಪೈಪು ಬದಲಿಸುವ ಕೆಲಸ ದೊಡ್ಡದಲ್ಲ, ಆದರೆ ಉಡಾಫೆಯಲ್ಲಿ ಮಾಡುವಂಥದ್ದೂ ಅಲ್ಲ. ಎಂಜಿನ್ನು ತಣ್ಣಗಿರಬೇಕು, ಬ್ಯಾಟರಿಯ ತಂತಿ ಕಳಚಿರಬೇಕು, ಕೆಲಸ ಬಯಲಲ್ಲಿ ಅಥವಾ ಗಾಳಿಯಾಡುವಲ್ಲಿ ನಡೆಯಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಪಕ್ಕದ ಮನೆಯ ಒಲೆಯನ್ನೂ ಹುಡುಕಿಕೊಂಡು ಹೋದೀತು. ಒಣ ಪುಡಿಯ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ. ಬಿಗಿಯಾಗಿ ಕೂತ ಹಳೆಯ ರಬ್ಬರನ್ನು ಎಳೆದಾಡಿದರೆ ಕಾರ್ಬ್ಯುರೇಟರಿನ ಮೂತಿಯೇ ಮುರಿಯಬಹುದು; ಉದ್ದಕ್ಕೆ ಸೀಳಿ ತೆಗೆಯುವುದು ವಾಸಿ. ಬಿಡಿಭಾಗದ ಅಂಗಡಿಯವನು "ಪೆಟ್ರೋಲ್ ಪೈಪು" ಎಂದು ಕೊಟ್ಟದ್ದನ್ನೆಲ್ಲ ತರಬಾರದು. ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನು ಕೇಳಬೇಕು. ಅಂಥದ್ದರ ಒಳಪದರ ಹೆಚ್ಚಾಗಿ ಎಥನಾಲಿಗೆ ಜಗ್ಗದ ಫ್ಲೋರೋ ರಬ್ಬರಿನದು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಮಾತ್ರ ಬೇಡವೇ ಬೇಡ. ಹಲ್ಲುಹಲ್ಲಿನ ಸಾದಾ ಕ್ಲಿಪ್ಪು ರಬ್ಬರನ್ನು ಕಚ್ಚಿ ಕೊಯ್ಯುತ್ತದೆ, ಅಂಚು ಮಡಿಸಿದ ಕ್ಲಿಪ್ಪೇ ಆಗಬೇಕು. ಕಬ್ಬಿಣದ ಪೈಪಿಗೆ ತುಕ್ಕು ಹಿಡಿದಿದ್ದರೆ ಅದನ್ನೂ ಬದಲಿಸದೆ ತುದಿಯ ರಬ್ಬರನ್ನಷ್ಟೇ ಹೊಸದು ಮಾಡುವುದು ಮೋಸ. ಇಷ್ಟಕ್ಕೂ ರಬ್ಬರಿನ ಖರ್ಚು ಒಂದು ಟ್ಯಾಂಕಿ ತುಂಬಿಸುವ ದುಡ್ಡಿನೊಳಗೆ ಮುಗಿಯುತ್ತದೆ.

"ಒರಿಜಿನಾಲಿಟಿ ಹೋಗುತ್ತದೆ" ಎಂಬ ಆಕ್ಷೇಪವೊಂದಿದೆ. 2021ರ ಕೇಂದ್ರದ ನಿಯಮ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎನ್ನುವಾಗ ಕೇಳುವುದು ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂದು. ಪೆಟ್ರೋಲ್ ಪೈಪು ಹಳೆಯದೇ ಇರಲಿ ಎಂದು ಅದು ಎಲ್ಲೂ ಹೇಳುವುದಿಲ್ಲ. ಅಸಲಿತನದ ಹೆಸರಿನಲ್ಲಿ ಕಾರ್ಖಾನೆಯ ಮೊದಲ ಟೈರಿನ ಮೇಲೆ ರ‍್ಯಾಲಿಗೆ ಹೋಗುವವರು ಯಾರಿದ್ದಾರೆ? ಎಂಜಿನ್ ಆಯಿಲು, ಬ್ರೇಕಿನ ರಬ್ಬರು ಇವೆಲ್ಲ ಸವೆಯುವ ವಸ್ತುಗಳೆಂದು ಒಪ್ಪಿದವರು ಪೈಪಿನ ಹತ್ತಿರ ಬಂದಾಗ ಮಾತ್ರ ಪುರಾತತ್ತ್ವ ಇಲಾಖೆಯವರಾಗುತ್ತಾರೆ. ನೋಟವೇ ಮುಖ್ಯವೆನ್ನುವವರಿಗೆ ಹಳೆಯ ಕಾಲದಂತೆ ಬಟ್ಟೆಯ ಹೆಣಿಗೆ ಹೊದಿಸಿದ ಹೊಸ ಪೈಪುಗಳೂ ಸಿಗುತ್ತವೆ, ಒಳಪದರ ಯಾವುದೆಂದು ವಿಚಾರಿಸಿ ಕೊಳ್ಳಬೇಕು.

ರ‍್ಯಾಲಿ ನಡೆಸುವ ಕ್ಲಬ್ಬುಗಳು ಮನಸ್ಸು ಮಾಡಿದರೆ ಇದು ಒಂದೇ ಸೀಸನ್ನಿನಲ್ಲಿ ಬದಲಾದೀತು. ಅಂಕ ಕೊಡುವ ಮೊದಲು ಬಾನೆಟ್ ಎತ್ತಿಸಿ, ಪೈಪನ್ನು ಬೆರಳಲ್ಲಿ ಹಿಸುಕಿ ನೋಡಲಿ, ಬದಲಿಸಿದ ತಿಂಗಳು, ವರ್ಷ ಬರೆದ ಚೀಟಿ ಕ್ಲಿಪ್ಪಿನ ಪಕ್ಕ ಕಟ್ಟಿದೆಯೇ ಎಂದು ಕೇಳಲಿ. ಚೀಟಿ ಇಲ್ಲದ ಗಾಡಿ, ಎಷ್ಟೇ ಹೊಳೆಯುತ್ತಿರಲಿ, ಆ ಬೆಳಗ್ಗೆ ಸಾಲಿನಲ್ಲಿ ನಿಲ್ಲಲಿ, ಓಡುವುದು ಬೇಡ.